ಕಡಲ ಮೇಲಿನ ಕೈಮರಗಳು

ರಸ್ತೆಯಲ್ಲಿ ಹೋಗುವವರಿಗೆ ಮೈಲಿಗಲ್ಲು, ಕೈಮರ, ಕೆಂಪು–ಹಸಿರು ದೀಪಗಳಿವೆ. ಕಡಲಿನಲ್ಲಿ? ಎತ್ತ ನೋಡಿದರೂ ನೀರೇ ನೀರು. ಆದರೆ ಆ ನೀರಿನ ಆಳ ಎಲ್ಲ ಕಡೆಯೂ ಒಂದೇ ಅಲ್ಲ. ಒಂದು ಕಡೆ ಮರಳದಿಬ್ಬ, ಇನ್ನೊಂದು ಕಡೆ ಬಂಡೆ, ಮತ್ತೊಂದು ಕಡೆ ಎಂದೋ ಮುಳುಗಿದ ಹಡಗಿನ ಅವಶೇಷ. ಮೇಲಿನಿಂದ ಯಾವುದೂ ಕಾಣದು. ಇವನ್ನು ನಾವಿಕನಿಗೆ ತಿಳಿಸುವ ತೇಲುವ ಕೈಮರಗಳೇ ‘ಬೋಯಾ’ಗಳು.

ಬೋಯಾ ಎಂದರೆ ಒಳಗೆ ಟೊಳ್ಳಾಗಿರುವ, ಉಕ್ಕು ಅಥವಾ ಪ್ಲಾಸ್ಟಿಕ್ಕಿನ ದೊಡ್ಡ ಬುರುಡೆ. ಸಮುದ್ರದ ತಳದಲ್ಲಿಳಿಸಿದ ಭಾರವಾದ ದಿಮ್ಮಿಗೆ ಸರಪಳಿಯಿಂದ ಅದನ್ನು ಕಟ್ಟಿರುತ್ತಾರೆ. ಸರಪಳಿ ನೀರಿನ ಆಳಕ್ಕಿಂತ ಉದ್ದವಾಗಿರಬೇಕು. ಇಲ್ಲದಿದ್ದರೆ ಉಬ್ಬರ ಬಂದಾಗ ಬೋಯಾ ಮುಳುಗೀತು, ಅಲೆಯ ಎಳೆತಕ್ಕೆ ಸರಪಳಿ ತುಂಡಾದೀತು. ಹೀಗಾಗಿ ಗೂಟಕ್ಕೆ ಕಟ್ಟಿದ ಹಸುವಿನಂತೆ ಬೋಯಾ ತನ್ನ ಸುತ್ತಿನಲ್ಲೇ ಅಲೆದಾಡುತ್ತಿರುತ್ತದೆ. ತಲೆಯ ಮೇಲೆ ದೀಪ, ದೀಪಕ್ಕೆ ಸೌರಫಲಕ. ಮಂಜು ಕವಿದಾಗ ಕೇಳಿಸಲೆಂದು ಕೆಲವಕ್ಕೆ ಗಂಟೆಯೂ ಇರುತ್ತದೆ. ಅಲೆ ತೂಗಿದಂತೆ ಅದು ತಾನೇ ಬಾರಿಸುತ್ತದೆ.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರುವುದು ಹೂಳೆತ್ತಿ ಆಳಮಾಡಿದ ಕಾಲುವೆಯಲ್ಲಿ. ಅದರಿಂದ ಆಚೀಚೆ ಸರಿದರೆ ತಳ ತಾಗುವ ಭಯ. ಇಂಥ ದಾರಿಗೆ ಬೋಯಾಗಳೇ ಬೇಲಿ. ನಮ್ಮ ದೇಶದ ಯಾವ ಬಂದರೇ ಆಗಲಿ, ಕಡಲಿನಿಂದ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಬೇಕು. ರಾತ್ರಿ ದೀಪಗಳ ಬಣ್ಣವೂ ಹಾಗೆಯೇ. ಹೊರಗೆ ಹೋಗುವಾಗ ಎಡಬಲ ಅದಲುಬದಲು.

ಯುರೋಪು, ಆಫ್ರಿಕಾ, ಆಸ್ಟ್ರೇಲಿಯಾ ಮತ್ತು ಏಷ್ಯಾದ ಬಹುಭಾಗದಲ್ಲಿ ಇದೇ ಕ್ರಮ. ಉತ್ತರ–ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ಫಿಲಿಪೀನ್ಸ್‌ಗಳಲ್ಲಿ ಮಾತ್ರ ಬಂದರಿಗೆ ಬರುವಾಗ ಕೆಂಪು ಬಲಕ್ಕಿರುತ್ತದೆ. ಮಂಗಳೂರಿನಿಂದ ಜಪಾನಿಗೆ ಹೊರಟ ಕಪ್ತಾನ ಇದನ್ನು ಮರೆಯುವಂತಿಲ್ಲ.

ಗಡಿಯಾರದ ಲೆಕ್ಕ

ಅಪಾಯ ಯಾವ ದಿಕ್ಕಿನಲ್ಲಿದೆ ಎಂದು ಹೇಳಲು ಕಪ್ಪು–ಹಳದಿ ಬೋಯಾಗಳಿವೆ. ಉತ್ತರದ ಬೋಯಾ, ‘ನನ್ನ ಉತ್ತರಕ್ಕೆ ಸಾಗು, ಅಲ್ಲಿ ಭಯವಿಲ್ಲ’ ಎನ್ನುತ್ತದೆ. ಉಳಿದ ಮೂರು ದಿಕ್ಕುಗಳಿಗೂ ಹೀಗೆಯೇ. ರಾತ್ರಿ ಇವುಗಳ ಬಿಳಿ ದೀಪ ಮಿಣುಕುವ ರೀತಿಯನ್ನು ಮಕ್ಕಳೂ ನೆನಪಿಡಬಹುದು. ಗಡಿಯಾರದ ಮುಖವನ್ನು ಊಹಿಸಿಕೊಳ್ಳಿ. ಪೂರ್ವಕ್ಕೆ 3 ಮಿಣುಕು, ದಕ್ಷಿಣಕ್ಕೆ 6, ಪಶ್ಚಿಮಕ್ಕೆ 9. ದಕ್ಷಿಣದ್ದರಲ್ಲಿ ಆರರ ಕೊನೆಗೆ ಒಂದು ದೀರ್ಘ ಬೆಳಕು ಸೇರಿರುವುದರಿಂದ ಎಣಿಕೆ ತಪ್ಪದು. ಉತ್ತರದ್ದಕ್ಕೆ ಲೆಕ್ಕವಿಲ್ಲ, ಎಡೆಬಿಡದೆ ಮಿಣುಕುತ್ತದೆ.

ಕಪ್ಪು ಮೈಗೆ ಕೆಂಪು ಪಟ್ಟಿ, ತಲೆಯ ಮೇಲೆ ಎರಡು ಕಪ್ಪು ಚೆಂಡು ಇದ್ದರೆ ಅಪಾಯ ಅಲ್ಲೇ ಕೆಳಗಿದೆ ಎಂದರ್ಥ. ಕೆಂಪು–ಬಿಳಿ ಉದ್ದ ಪಟ್ಟೆಗಳಿದ್ದರೆ ಸುತ್ತಲೂ ನಿರ್ಭಯ.

51 ಜೀವಗಳ ಪಾಠ

ಈ ಭಾಷೆ ಪುಕ್ಕಟೆಯಾಗಿ ಬಂದದ್ದಲ್ಲ. 1971ರ ಜನವರಿಯಲ್ಲಿ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ ‘ಟೆಕ್ಸಾಕೊ ಕೆರಿಬಿಯನ್’ ಎಂಬ ತೈಲದ ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಮರುದಿನವೇ ಅದರ ಅವಶೇಷಕ್ಕೆ ಬಡಿದು ‘ಬ್ರಾಂಡೆನ್‌ಬರ್ಗ್’ ಮುಳುಗಿತು. ಅಲ್ಲಿ ಎಚ್ಚರಿಕೆಯ ಗುರುತುಗಳನ್ನು ಇಟ್ಟದ್ದಾಯಿತು. ಆದರೂ ಕೆಲವೇ ವಾರಗಳಲ್ಲಿ ‘ನಿಕಿ’ ಎಂಬ ಮೂರನೆಯ ಹಡಗು ಅಲ್ಲಿಯೇ ಹೋಗಿ ಬಡಿಯಿತು. ಮೂರೂ ದುರಂತಗಳಲ್ಲಿ ಸತ್ತವರು 51 ಮಂದಿ.

ಆಗ ಜಗತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಬೋಯಾ ಪದ್ಧತಿಗಳಿದ್ದವು. ಒಂದು ದೇಶದ ಗುರುತಿಗೆ ಇನ್ನೊಂದು ದೇಶದಲ್ಲಿ ತದ್ವಿರುದ್ಧ ಅರ್ಥ! ಗುರುತು ಇದ್ದರೆ ಸಾಲದು, ಎಲ್ಲರೂ ಅದನ್ನು ಒಂದೇ ರೀತಿ ಓದಬೇಕು ಎಂಬುದು ಮನವರಿಕೆಯಾಯಿತು. 1980ರಲ್ಲಿ ಟೋಕಿಯೊದಲ್ಲಿ ಸೇರಿದ ರಾಷ್ಟ್ರಗಳು ಈಗಿನ ಪದ್ಧತಿಯನ್ನು ಒಪ್ಪಿಕೊಂಡವು. 2002ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಕಾರುಗಳನ್ನು ಹೊತ್ತ ‘ಟ್ರೈಕಲರ್’ ಹಡಗು ಮುಳುಗಿದಾಗಲೂ ಬೇರೆ ಹಡಗುಗಳು ಅದಕ್ಕೆ ಬಡಿದವು. ಆ ಬಳಿಕ, ಹೊಸದಾಗಿ ಮುಳುಗಿದ ಹಡಗಿಗೆಂದೇ ನೀಲಿ–ಹಳದಿ ಪಟ್ಟೆಯ ಬೋಯಾ ಬಂತು.

ಕಿತ್ತರೆ ಕೇಡು ಯಾರಿಗೆ?

ಉಪಗ್ರಹಗಳು ದಾರಿ ತೋರಿಸುವ ಈ ಕಾಲದಲ್ಲಿ ಬೋಯಾ ಏಕೆ ಎಂದು ಕೇಳಬಹುದು. ಯಂತ್ರ ಕೈಕೊಟ್ಟಾಗ ನಾವಿಕನಿಗೆ ಉಳಿಯುವುದು ಕಣ್ಣು, ಕಿವಿ ಮಾತ್ರ. ಸಣ್ಣ ದೋಣಿಯ ಮೀನುಗಾರನಿಗಂತೂ ಅವೇ ಆಸರೆ.

ಆದ್ದರಿಂದಲೇ ಬೋಯಾಕ್ಕೆ ದೋಣಿ ಕಟ್ಟುವುದು, ಅದರ ದೀಪ, ಬ್ಯಾಟರಿ ಕಳಚುವುದು ಸಣ್ಣ ತಪ್ಪಲ್ಲ. ಜಾಗ ಬಿಟ್ಟು ಸರಿದ ಬೋಯಾ, ಇಲ್ಲದ ಬೋಯಾಕ್ಕಿಂತ ಅಪಾಯಕಾರಿ. ಅದು ಸುಳ್ಳು ಹೇಳುತ್ತದೆ, ನಾವಿಕ ನಂಬುತ್ತಾನೆ. ಭಾರತದಲ್ಲಿ ಇಂಥ ಗುರುತುಗಳ ರಕ್ಷಣೆಗೆ 2021ರಲ್ಲಿ ಹೊಸ ಕಾಯಿದೆಯೇ ಬಂದಿದೆ.

ರಾಬರ್ಟ್ ಸದೇ ಕವಿಯ ‘ಇಂಚ್‌ಕೇಪ್ ರಾಕ್’ ಪದ್ಯವನ್ನು ಶಾಲೆಯಲ್ಲಿ ಓದಿದ ತಂದೆತಾಯಿಯರು ಇರಬಹುದು. ಸ್ಕಾಟ್ಲೆಂಡಿನ ಕಡಲಿನಲ್ಲಿ ನೀರಿಗೆ ಮುಳುಗುವ ಒಂದು ಬಂಡೆ. ಅಲ್ಲಿ ಮಠಾಧಿಪತಿಯೊಬ್ಬ ಬೋಯಾದ ಮೇಲೆ ಗಂಟೆ ಕಟ್ಟಿಸಿದ್ದ. ಹೊಟ್ಟೆಕಿಚ್ಚಿನ ಕಡಲ್ಗಳ್ಳನೊಬ್ಬ ಅದನ್ನು ಕತ್ತರಿಸಿದ. ಮುಂದೆ ಕತ್ತಲಲ್ಲಿ ಮರಳಿ ಬರುವಾಗ ಗಂಟೆಯ ದನಿ ಕೇಳದೆ, ಅದೇ ಬಂಡೆಗೆ ಅವನ ಹಡಗು ಬಡಿಯಿತು. ಇದು ದಂತಕಥೆ. ಬಂಡೆ ಮಾತ್ರ ನಿಜ. 1811ರಿಂದ ಅದರ ಮೇಲೆ ದೀಪಸ್ತಂಭ ಬೆಳಗುತ್ತಿದೆ. ಮಕ್ಕಳಿಗೆ ಈ ಕಥೆ ಹೇಳಿ. ಕಡಲಿನ ಮರ್ಯಾದೆ ಅವರಿಗೆ ತಾನೇ ಅರ್ಥವಾದೀತು.