ಆಡುವ ಅವಕಾಶವೂ ಆತ್ಮಗೌರವವೂ

ಆಟದ ಪಿರಿಯಡ್ ಬಂತೆಂದರೆ ಕ್ಯಾಲಿಪರ್ ತೊಟ್ಟ ಹುಡುಗನಿಗೆ, ಗಾಲಿಕುರ್ಚಿಯಲ್ಲಿ ಕೂತ ಹುಡುಗಿಗೆ ಎಷ್ಟೋ ಶಾಲೆಗಳಲ್ಲಿ ಸಿಗುವುದು ಬ್ಯಾಗು ಕಾಯುವ ಕೆಲಸ. ಹೆಚ್ಚೆಂದರೆ ಸ್ಕೋರು ಬರೆಯುವುದು. ಹಾಗೆ ಕೂರಿಸುವವರದು ಕೆಟ್ಟ ಮನಸ್ಸೇನಲ್ಲ. ಆದರೆ ಹದಿಮೂರು ಹದಿನಾಲ್ಕು ಎಂದರೆ ಓರಗೆಯವರ ನಡುವೆ ತನ್ನ ಬೆಲೆ ಎಷ್ಟೆಂದು ಅಳೆದುಕೊಳ್ಳುವ ವಯಸ್ಸು. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ಹದಿಹರೆಯದವರ ಆತ್ಮಗೌರವಕ್ಕೆ ಎರಡು ಮುಖ್ಯ ಆಧಾರಗಳನ್ನು ಗುರುತಿಸಿದರು. ತಾನು ಮುಖ್ಯವೆಂದುಕೊಂಡದ್ದು ತನ್ನ ಕೈಲಾಗುತ್ತದೆ ಎಂಬ ಅರಿವು ಒಂದು. ತನಗೆ ಬೇಕಾದವರು ತನ್ನನ್ನು ಒಪ್ಪಿದ್ದಾರೆ ಎಂಬ ನಂಬಿಕೆ ಇನ್ನೊಂದು. ಬದಿಯಲ್ಲಿ ಕೂತು ಚಪ್ಪಾಳೆ ತಟ್ಟುವುದರಿಂದ ಇವೆರಡೂ ದಕ್ಕುವುದಿಲ್ಲ. ಆಡಬೇಕು, ಅದೂ ತಾನೇ ನಿರ್ಧರಿಸಿ ಆಡಬೇಕು.

ಬೋಚಿಯಾ ಎಂಬ ಆಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ರೂಪುಗೊಂಡ ಈ ಆಟ 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಬಿಳಿ ಚೆಂಡಿನ ಸಮೀಪಕ್ಕೆ ತನ್ನ ಬಣ್ಣದ ಚೆಂಡುಗಳನ್ನು ಉರುಳಿಸಬೇಕು. ಕೈಯಲ್ಲಿ ಎಸೆಯಲಾಗದವರು ಇಳಿಜಾರು ಹಲಗೆಯ ಮೇಲಿಂದ ಚೆಂಡು ಬಿಡುತ್ತಾರೆ. ಆ ಹಲಗೆ ಸರಿಸಿಕೊಡುವ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು, ತಿರುಗಿ ನೋಡುವಂತಿಲ್ಲ. ಯಾವ ದಿಕ್ಕು, ಎಷ್ಟು ಎತ್ತರ ಎಂಬುದೆಲ್ಲ ಆಟಗಾರನ ತೀರ್ಮಾನ. ಗೆದ್ದರೂ ಸೋತರೂ ಅದು ಅವನದೇ. ಮೈಗೆ ನೆರವು ಬೇಕಾದವರ ಬುದ್ಧಿಗೂ ನಾವೇ ನೆರವಾಗಲು ಹೊರಡುವುದುಂಟಲ್ಲ, ಅದಕ್ಕೆ ಈ ಒಂದು ನಿಯಮ ಸಾಕಷ್ಟು ಉತ್ತರ.

ಬಿದ್ದು ಪೆಟ್ಟಾದರೆ ಎಂದು ಹೆತ್ತವರು ಅಂಜುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅಂಗವೈಕಲ್ಯವಿರುವ 5ರಿಂದ 17 ವರ್ಷದವರಿಗೂ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸುವ ಚಟುವಟಿಕೆ ಇರಲಿ ಎನ್ನುತ್ತದೆ. ಶಕ್ತಿಗೆ ತಕ್ಕಂತೆ ಮಾಡಿದರೆ ದೊಡ್ಡ ಅಪಾಯವಿಲ್ಲ ಎಂದೂ ಹೇಳುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಧೈರ್ಯವಿದ್ದವರೇ ಆಟಕ್ಕೆ ಇಳಿಯುತ್ತಾರೆ, ಆಟದಿಂದಲೇ ಧೈರ್ಯ ಬಂತೆನ್ನುವುದು ಹೇಗೆ? ಒಪ್ಪತಕ್ಕ ಮಾತು. ಎರಡೂ ಒಂದನ್ನೊಂದು ಬೆಳೆಸುತ್ತವೆ ಎನ್ನುವುದೇ ಸರಿ. ಹಾಗಿರುವಾಗ ಹಿಂಜರಿಯುವ ಮಗುವನ್ನು ಮೊದಲು ಕರೆಯಬೇಕಾದವರು ದೊಡ್ಡವರೇ. ಕರೆಯುವ ಭರದಲ್ಲಿ ಪದಕದ ಆಸೆ ತೋರಿಸುವುದು ಬೇಡ. ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದದ್ದು, ಬೆಂಗಳೂರಿನ ಮಾಲತಿ ಹೊಳ್ಳ ಪದ್ಮಶ್ರೀ ಪಡೆದದ್ದು ನಾಡಿಗೆ ಹೆಮ್ಮೆ ನಿಜ. ಎಲ್ಲ ಮಕ್ಕಳೂ ಹಾಗಾಗಬೇಕೆಂದು ಹೇರಿದರೆ ಆಟವೂ ಪರೀಕ್ಷೆಯಾದೀತು. ಕೇರಂ, ತಬಲಾ, ಚಿತ್ರ, ಗೆಳೆಯರೊಡನೆ ಜಾತ್ರೆ ಸುತ್ತುವುದು ಯಾವುದಾದರೂ ಆದೀತು, ಆಯ್ಕೆ ಮಗುವಿನದಾಗಿರಲಿ.

ಇದು ಯಾರ ಔದಾರ್ಯಕ್ಕೂ ಬಿಟ್ಟ ಸಂಗತಿಯಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಪಾಠದ ಜೊತೆಗೆ ಕ್ರೀಡೆ, ಮನರಂಜನೆಯಲ್ಲೂ ಸಮಾನ ಅವಕಾಶ ಕೊಡಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆ–2016ರ 16ನೇ ಕಲಂ ಹೇಳುತ್ತದೆ. ಹೆತ್ತವರು ಸಂಕೋಚಪಡದೆ ಶಾಲೆಯಲ್ಲಿ ಇದನ್ನು ಕೇಳಿ ಪಡೆಯಬೇಕು.