ಟಕ್ ಟಕ್ ಎನ್ನುವ ಜಿಪ್ ಡ್ರೈವ್‌ಗೆ ಮದ್ದೇನು?

ಎಲ್‌ಆರ್‌ಡಿಇ, ಸಿಎಐಆರ್, ಜಿಟಿಆರ್‌ಇಯಂಥ ಡಿಆರ್‌ಡಿಒ ಪ್ರಯೋಗಾಲಯಗಳಿರುವ ಬಡಾವಣೆ ಬೆಂಗಳೂರಿನ ಸಿ.ವಿ. ರಾಮನ್ ನಗರ. ಇಲ್ಲೂ ಪಕ್ಕದ ಕಗ್ಗದಾಸಪುರದಲ್ಲೂ ತೊಂಬತ್ತರ ದಶಕದಲ್ಲೇ ಕಂಪ್ಯೂಟರ್ ಕೊಂಡ ಎಂಜಿನಿಯರುಗಳಿದ್ದಾರೆ. ಅಂಥ ಮನೆಯ ಅಟ್ಟ ಖಾಲಿ ಮಾಡುವಾಗ, ಅಂಗೈಗಿಂತ ತುಸು ದೊಡ್ಡದಾದ ಕಡುನೀಲಿ ಪೆಟ್ಟಿಗೆಯೊಂದು ಸಿಕ್ಕರೆ ಗುಜರಿಗೆ ಹಾಕಲು ಅವಸರ ಬೇಡ. ಅದು ಜಿಪ್ ಡ್ರೈವ್ ಇರಬಹುದು. ಪಕ್ಕದಲ್ಲಿರುವ ದಪ್ಪ ಫ್ಲಾಪಿಯಂಥ ಡಿಸ್ಕಿನಲ್ಲಿ ಮನೆಯ ಹಳೆಯ ಫೋಟೊ, ಯಾರದೋ ಪ್ರಬಂಧದ ಕರಡು, ಡಿಟಿಪಿ ಮಾಡಿಸಿದ ಪುಸ್ತಕದ ಪುಟಗಳು ಇನ್ನೂ ಉಳಿದಿರಬಹುದು.

ಅಮೆರಿಕದ ಐಯೊಮೆಗಾ ಕಂಪನಿಯ ಈ ಯಂತ್ರ ಮಾರುಕಟ್ಟೆಗೆ ಬಂದಾಗ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು 1.44 ಎಂಬಿ, ಜಿಪ್ ಡಿಸ್ಕಿನಲ್ಲಿ 100 ಎಂಬಿ. ಹೆಚ್ಚು ಕಡಿಮೆ 70 ಫ್ಲಾಪಿಯ ಸರಕು ಒಂದೇ ಡಿಸ್ಕಿನಲ್ಲಿ! ಎರಡರ ಒಳಗೂ ಇರುವುದು ಕಾಂತೀಯ ಲೇಪನವಿರುವ ತೆಳು ಪ್ಲಾಸ್ಟಿಕ್ ಹಾಳೆಯೇ. ವ್ಯತ್ಯಾಸವಿರುವುದು ಓದುವ ರೀತಿಯಲ್ಲಿ. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗಿದರೆ ಜಿಪ್ ಡಿಸ್ಕ್ ಸುಮಾರು 3,000 ಸುತ್ತು ತಿರುಗುತ್ತದೆ. ಫ್ಲಾಪಿಯನ್ನು ಓದುವ ಹೆಡ್ಡು ಅಳತೆಯ ಹೆಜ್ಜೆಯಿಟ್ಟು ಸರಿಯುತ್ತದೆ. ಕಾಲಿಟ್ಟ ಜಾಗದಲ್ಲಿ ಟ್ರ್ಯಾಕ್ (ಮಾಹಿತಿ ಬರೆದ ವೃತ್ತ) ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಟ್ರ್ಯಾಕುಗಳ ನಡುವೆ ಧಾರಾಳ ಜಾಗ ಬಿಡಬೇಕು. ಜಿಪ್‌ನ ಹೆಡ್ಡಾದರೋ, ಕಾರ್ಖಾನೆಯಲ್ಲೇ ಡಿಸ್ಕಿನ ಮೇಲೆ ಬರೆದಿಟ್ಟ ಗುರುತುಗಳನ್ನು ಓದುತ್ತಾ ತನ್ನ ಜಾಗವನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. ಹೀಗಾಗಿ ಟ್ರ್ಯಾಕುಗಳನ್ನು ಒತ್ತೊತ್ತಾಗಿ ಕೂರಿಸಲು ಸಾಧ್ಯವಾಯಿತು. ಈ ಗುರುತುಗಳನ್ನು ಡ್ರೈವ್ ಮತ್ತೆ ಬರೆಯಲಾರದು. ಬಲವಾದ ಅಯಸ್ಕಾಂತ ತಗುಲಿ ಅವು ಅಳಿಸಿಹೋದರೆ ಆ ಡಿಸ್ಕ್ ಶಾಶ್ವತವಾಗಿ ಕೆಟ್ಟಂತೆಯೇ.

ಕುಖ್ಯಾತ ಟಕ್ ಟಕ್ ಸದ್ದು ಹುಟ್ಟುವುದೂ ಇಲ್ಲಿಂದಲೇ. ಗುರುತು ಸಿಗದಿದ್ದರೆ ಡ್ರೈವ್ ತನ್ನ ಹೆಡ್ಡುಗಳನ್ನು ಡಿಸ್ಕಿನಿಂದ ಪೂರ್ತಿ ಹೊರಗೆಳೆದು, ಮತ್ತೆ ಒಳಗೆ ತಳ್ಳಿ, ಇನ್ನೊಮ್ಮೆ ಹುಡುಕುತ್ತದೆ. ನಮಗೆ ಕೇಳುವುದು ಈ ಎಳೆದಾಟದ ಸದ್ದು. ಒಂದೆರಡು ಸಲ ಕೇಳಿ ನಿಂತರೆ ಭಯವಿಲ್ಲ. ನಿಲ್ಲದೇ ಹೋದರೆ ಡಿಸ್ಕಿನ ಗುರುತು ಅಳಿಸಿದೆ, ಇಲ್ಲವೇ ಹೆಡ್ಡು ಸೊಟ್ಟಗಾಗಿದೆ ಎಂದರ್ಥ. ಎರಡನೆಯದಾಗಿದ್ದರೆ ಅಪಾಯ. ಹೆಡ್ಡುಗಳು ಪ್ರತಿ ಸಲವೂ ಹಾಳೆಯ ಅಂಚನ್ನು ದಾಟಿಯೇ ಒಳಗೆ ಹೋಗಬೇಕು. ಸೊಟ್ಟಗಾದ ಹೆಡ್ಡು ವೇಗವಾಗಿ ತಿರುಗುವ ಅಂಚನ್ನು ಹರಿಯುತ್ತದೆ. ಹರಿದ ಆ ಡಿಸ್ಕನ್ನು ಇನ್ನೊಂದು ಒಳ್ಳೆಯ ಡ್ರೈವ್‌ಗೆ ಹಾಕಿದರೆ ಅಂಚಿನ ಸೀಳು ಅಲ್ಲಿನ ಹೆಡ್ಡನ್ನೂ ಕಿತ್ತುಹಾಕಬಹುದು. ಡ್ರೈವಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಡ್ರೈವಿಗೆ ಹೀಗೆ ಅಂಟುರೋಗದಂತೆ ಹರಡುವ ಯಾಂತ್ರಿಕ ದೋಷ ಕಂಪ್ಯೂಟರ್ ಲೋಕದಲ್ಲಿ ಅಪರೂಪ. 1998ರಲ್ಲಿ ಅಮೆರಿಕದ ಗ್ರಾಹಕರು ಇದೇ ಕಾರಣಕ್ಕೆ ಐಯೊಮೆಗಾ ಮೇಲೆ ಸಾಮೂಹಿಕ ಮೊಕದ್ದಮೆ ಹೂಡಿದರು.

ಹಾಗಾದರೆ ಅಟ್ಟದಿಂದ ಇಳಿಸಿದ ಡ್ರೈವನ್ನು ಪರೀಕ್ಷಿಸುವುದು ಹೇಗೆ? ಡಿಸ್ಕ್ ಹಾಕಬೇಡಿ, ಹೊರಗಿನಿಂದ ಶುರುಮಾಡಿ. ಎಸ್‌ಪಿ ರಸ್ತೆಯಲ್ಲಿ ಹಳೆಯ ಪಳಗಿದ ಮೆಕ್ಯಾನಿಕ್ ಸಿಕ್ಕರೆ ಅವರ ಮೊದಲ ಪ್ರಶ್ನೆ, "ಅಡಾಪ್ಟರ್ ಇದರದ್ದೇನಾ ಸಾರ್, ಬೇರೇದಾ?" ಎಂದೇ ಇರುತ್ತದೆ. ಪ್ಯಾರಲಲ್ ಪೋರ್ಟಿನ ಜಿಪ್ 100ಕ್ಕೆ ಬೇಕಾದದ್ದು 5 ವೋಲ್ಟ್. ಮನೆಯಲ್ಲಿ ಬಿದ್ದಿರುವ ರೂಟರಿನ 12 ವೋಲ್ಟ್ ಅಡಾಪ್ಟರಿನ ಪಿನ್ನು ಸರಿಯಾಗಿ ಕೂತಿತೆಂದು ಚುಚ್ಚಿದರೆ ಬೋರ್ಡು ಸುಟ್ಟುಹೋಗುತ್ತದೆ. ಮೂಲ ಅಡಾಪ್ಟರೇ ಇದ್ದರೂ ಮಲ್ಟಿಮೀಟರ್ ಹಿಡಿದು ನೋಡಿ. ಬರೀ ಅಡಾಪ್ಟರಿನಲ್ಲಿ 5 ವೋಲ್ಟ್ ತೋರಿಸಿದರೆ ಸಾಲದು. ಒಳಗಿನ ಕೆಪಾಸಿಟರ್ ಒಣಗಿದ್ದರೆ ಮೋಟರ್ ಎಳೆಯತೊಡಗಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಲೋಡ್ ಕೊಟ್ಟೇ ಅಳೆಯಬೇಕು.

ಆಮೇಲೆ ಕೇಬಲ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ರಿಂಟರಿಗೆ ಹೋಗುವ ಕನ್ವರ್ಟರ್ ಕೇಬಲ್ ತಂದರೂ ಉಪಯೋಗವಿಲ್ಲ, ಅದಕ್ಕೆ ಪ್ರಿಂಟರಿನ ಜೊತೆ ಮಾತ್ರ ಮಾತಾಡಲು ಬರುತ್ತದೆ. ನಿಜವಾದ ಪ್ಯಾರಲಲ್ ಪೋರ್ಟಿರುವ ಹಳೆಯ ಪಿಸಿ ಬೇಕು. ಇಲ್ಲವಾದರೆ ಯುಎಸ್‌ಬಿಯ ಜಿಪ್ 100 ಅಥವಾ 250 ಡ್ರೈವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವುದೇ ಸುಲಭ. 250ರಲ್ಲಿ 100ರ ಡಿಸ್ಕೂ ನಡೆಯುತ್ತದೆ.

ಈಗ ಡಿಸ್ಕ್. ಲೋಹದ ಮುಚ್ಚಳವನ್ನು ಬೆರಳಲ್ಲಿ ಸರಿಸಿ, ನಡುವಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಹಾಳೆಯ ಅಂಚಿನ ಮೇಲೆ ಟಾರ್ಚ್ ಬಿಡಿ. ಹಾಳೆಯ ಮೈಗೆ ಬೆರಳು ತಾಗಬಾರದು. ಅಂಚು ಸುತ್ತಲೂ ನುಣುಪಾಗಿದ್ದರೆ ಸರಿ. ಸಣ್ಣ ಸೀಳು, ಎದ್ದ ಎಳೆ, ಸುಕ್ಕು ಕಂಡರೆ ಆ ಡಿಸ್ಕನ್ನು ಯಾವ ಡ್ರೈವ್‌ಗೂ ಹಾಕಬಾರದು. ಡ್ರೈವನ್ನು ಪರೀಕ್ಷಿಸಲು ಮೊದಲು ಹಾಕಬೇಕಾದದ್ದು ಕಳೆದುಹೋದರೂ ಚಿಂತೆಯಿಲ್ಲದ, ಅಂಚು ಸರಿಯಿರುವ ಡಿಸ್ಕ್. ಅದು ಒಳಗೇ ಸಿಕ್ಕಿಕೊಂಡರೆ ಕರೆಂಟ್ ತೆಗೆದು, ಡ್ರೈವಿನ ಹಿಂಬದಿಯ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿದರೆ ಹೊರಬರುತ್ತದೆ. ಹೊರಗೆ ತೆಗೆದಮೇಲೆ ಅದರ ಅಂಚನ್ನು ಮತ್ತೊಮ್ಮೆ ನೋಡಿ. ಹೊಸ ಗಾಯ ಕಂಡರೆ ಕೆಟ್ಟಿರುವುದು ಡ್ರೈವೇ.

ಫ್ಲಾಪಿ ಡ್ರೈವಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಹತ್ತಿಕಡ್ಡಿಯಿಂದ ಒರೆಸುವ ರೂಢಿಯಿದೆ. ಜಿಪ್‌ಗೆ ಆ ಉಪಚಾರ ಮಾಡಲೇಬಾರದು. ಇದರ ಹೆಡ್ಡುಗಳು ಸೂಕ್ಷ್ಮವಾದ ತೋಳಿನ ತುದಿಯಲ್ಲಿ ನೇತಾಡುತ್ತವೆ. ಹತ್ತಿಯ ಒಂದೆಳೆ ಸಿಕ್ಕಿಕೊಂಡರೂ ಕಥೆ ಮುಗಿಯಿತು. ಹೆಡ್ಡು ಸೊಟ್ಟಗಾದ ಜಿಪ್ ಡ್ರೈವನ್ನು ಮನೆಯಲ್ಲಿ ನೆಟ್ಟಗೆ ಮಾಡಲಾಗದು. ಅಡಾಪ್ಟರ್, ಕೇಬಲ್ ಬದಲಿಸಿದ ಮೇಲೂ ಟಕ್ ಟಕ್ ನಿಲ್ಲದಿದ್ದರೆ ಆ ಡ್ರೈವನ್ನು ಬದಿಗಿಟ್ಟು ಬೇರೆಯದನ್ನು ತನ್ನಿ.

ಡಿಸ್ಕ್ ಓದತೊಡಗಿತೆಂದರೆ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂರಬೇಡಿ. ಮೊದಲು ಇಡೀ ಡಿಸ್ಕಿನ ನಕಲು ತೆಗೆಯಿರಿ. ಲಿನಕ್ಸಿನ ಡಿಡಿರೆಸ್ಕ್ಯೂ ತಂತ್ರಾಂಶ ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಜಿಪ್ ಡಿಸ್ಕಿಗೆ ಫ್ಲಾಪಿಯಂತೆ ಬರೆಯದಂತೆ ತಡೆಯುವ ಗುಂಡಿ ಇಲ್ಲವಾದ್ದರಿಂದ ಕಂಪ್ಯೂಟರಿನಲ್ಲೇ 'ಓದಲು ಮಾತ್ರ' ಎಂದು ಹೊಂದಿಸಿಕೊಳ್ಳಿ. ಆಗಿನ ಕನ್ನಡ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಗಾಬರಿಯಾಗಬೇಕಿಲ್ಲ. ಅದು ಯೂನಿಕೋಡ್ ಬಳಕೆಗೆ ಮುಂಚಿನ ಫಾಂಟಿನ ಬರಹ; ಪರಿವರ್ತಕ ತಂತ್ರಾಂಶಗಳಿವೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಟಕ್ ಟಕ್ ಶುರುವಾದ ಡ್ರೈವ್‌ಗೆ "ಇನ್ನೊಂದು ಡಿಸ್ಕ್ ಹಾಕಿ ನೋಡೋಣ" ಎನ್ನಬೇಡಿ. ರಿಪೇರಿಯಾಗಬೇಕಾದದ್ದು ಯಂತ್ರವಲ್ಲ, ಉಳಿಯಬೇಕಾದದ್ದು ಡಿಸ್ಕಿನೊಳಗಿನ ಬರಹ ಮತ್ತು ಫೋಟೊ. ಅವು ಎರಡು ಕಡೆ ನಕಲಾದ ಮೇಲೆ ಡ್ರೈವನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬಿಡಿ.