ಸಮಾನದುಃಖಿಯ ಕಾಯಕ

ರಾತ್ರಿ ಪಾಳಿ ಮುಗಿಸಿ ಗಣಿಯ ಗುಡ್ಡವನ್ನಿಳಿದು ಬರುವವನಿಗೆ ಲೋಕದ ಬೆಳಗೇ ಸಂಜೆಯಾಗಿರುತ್ತದೆ. ಊರಿನವರು ಮುಖ ತೊಳೆದು ಒಗ್ಗರಣೆ ಮಿರ್ಚಿಗೆಂದು ಹೋಟೆಲಿನ ಮುಂದೆ ನೆರೆಯುವ ಹೊತ್ತಿಗೆ ಅವನ ದಿನ ಮುಗಿದಿರುತ್ತದೆ. ದಣಿದ ದೇಹ ನಿದ್ರೆಯನ್ನು ಬಯಸುತ್ತದೆ. ಆದರೆ ಸಂಡೂರು ಸೀಮೆಯ ಬಿಸಿಲು ಏರತೊಡಗಿದ ಮೇಲೆ ತಗಡಿನ ಮಾಡಿನ ಕೆಳಗೆ ನಿದ್ರೆ ಎಂಬುದು ಬಯಸಿದವರಿಗೆಲ್ಲ ದೊರೆಯತಕ್ಕ ವಸ್ತುವಲ್ಲ. ನಿದ್ರೆಗೆಂದು ಹಿಡಿದ ಒಂದು 'ನೈಂಟಿ' ಕೆಲವು ತಿಂಗಳಲ್ಲಿ ಎರಡಾಗಿ, ಎರಡು ಕ್ವಾರ್ಟರಾಗಿ, ಕೊನೆಗೆ ಕೈನಡುಕ ನಿಲ್ಲಬೇಕಾದರೂ ಅದೇ ಬೇಕೆನ್ನುವ ಸ್ಥಿತಿಗೆ ಬಂದು ಮುಟ್ಟಿದವರು ಈ ಗಣಿಸೀಮೆಯ ಲಾರಿ ಚಾಲಕರಲ್ಲಿ, ಕ್ಲೀನರುಗಳಲ್ಲಿ, ಹಮಾಲರಲ್ಲಿ ಎಷ್ಟೋ ಮಂದಿ.

ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಕಬ್ಬಿಣದ ಅದಿರನ್ನು ತೆಗೆಯಲಾರಂಭಿಸಿದುದು 1977ರಲ್ಲಿ. ಆ ಬಳಿಕ ಈ ಸೀಮೆಯ ಜನ ಕೈತುಂಬ ಹಣವನ್ನೂ ಕಂಡರು, ಕೈ ಬರಿದಾಗುವುದನ್ನೂ ಕಂಡರು. ಖಾಸಗಿ ಗಣಿಗಳ ಸುಗ್ಗಿಯ ಕಾಲದಲ್ಲಿ ಹೊಸಪೇಟೆಯ ದಾರಿಯುದ್ದಕ್ಕೂ ಲಾರಿಗಳ ಸಾಲು ನಿಂತಿತ್ತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಆ ಸಾಲು ಕರಗಿತು. ದೋಣಿಮಲೈಯ ಗಣಿಯೇ ಗುತ್ತಿಗೆ ನವೀಕರಣದ ವಿವಾದದಿಂದಾಗಿ 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ನಿಂತಿತ್ತು. ಹಣ ಬಂದಾಗ ಸಂತೋಷಕ್ಕೆಂದು ಕುಡಿದವನು ಹಣ ಹೋದಾಗ ಸಂಕಟಕ್ಕೆಂದು ಕುಡಿಯುತ್ತಾನೆ. ಕಾರಣ ಬದಲಾದರೂ ಅಂಗಡಿ ಬದಲಾಗುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾದುದು ನಿಜವಾದರೂ ಸಾರಾಯಿ ತೆರವು ಮಾಡಿದ ಸ್ಥಾನವನ್ನು ತೊಂಬತ್ತು ಮಿಲಿಲೀಟರಿನ ವಿಸ್ಕಿಯ ಪೊಟ್ಟಣ ಬಹುಬೇಗ ಆಕ್ರಮಿಸಿತು.

ಈ ಲೇಖನ ಕುಡಿತವನ್ನು ಕುರಿತದ್ದಲ್ಲ. ಕುಡಿತದಿಂದಲೋ ಮನೋವ್ಯಾಧಿಯಿಂದಲೋ ಒಮ್ಮೆ ನೆಲ ಕಚ್ಚಿ, ಚೇತರಿಸಿಕೊಂಡು, ಆ ಮೇಲೆ ಅದೇ ದಾರಿಯಲ್ಲಿ ಬಿದ್ದಿರುವ ಮತ್ತೊಬ್ಬನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವವರನ್ನು ಕುರಿತದ್ದು. ಇಂಥವರಿಗೆ ಪಾಶ್ಚಾತ್ಯ ದೇಶಗಳಲ್ಲಿ 'ಪೀರ್ ಅಡ್ವೊಕೇಟ್' ಎಂಬ ಹುದ್ದೆಯೂ ತರಬೇತಿಯೂ ಸಂಬಳವೂ ಉಂಟು. ನಮ್ಮಲ್ಲಿ ಹುದ್ದೆಯಿಲ್ಲ, ಕಾಯಕ ಮಾತ್ರ ಇದೆ.

ಇದು ಹೊಸದಾಗಿ ಹುಟ್ಟಿದ ವಿಚಾರವಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ ಗಂಡಮಾಲೆಯ ರೋಗಿಯಾಗಿ ಬಂದ ಪುಸ್ಸಾಂ ಎಂಬ ಚರ್ಮ ಹದಮಾಡುವ ಕಸುಬಿನವನೊಬ್ಬನು ಗುಣವಾದ ಮೇಲೂ ಅಲ್ಲಿಯೇ ಉಳಿದು, ಕಾಲಕ್ರಮದಲ್ಲಿ ಉನ್ಮಾದಿಗಳ ವಿಭಾಗದ ಮೇಲ್ವಿಚಾರಕನಾಗಿ, ಚೇತರಿಸಿಕೊಂಡ ರೋಗಿಗಳನ್ನೇ ಆರೈಕೆಗೆ ನೇಮಿಸಿಕೊಳ್ಳುತ್ತಿದ್ದನು; ಅವರು ಹೊಡೆಯುವುದಿಲ್ಲ, ಹೊಡೆತ ತಿಂದ ನೆನಪು ಅವರಿಗಿರುತ್ತದೆ ಎಂಬುದು ಅವನು ಕಂಡುಕೊಂಡಿದ್ದ ಮರ್ಮ. 1797ರಲ್ಲಿ ಅಲ್ಲಿಯ ರೋಗಿಗಳ ಕಬ್ಬಿಣದ ಸರಪಳಿಯನ್ನು ಕಳಚಿಸಿದವನೂ ಅವನೇ. ಚಿತ್ರಕಾರರು ಮಾತ್ರ ಆ ಕೀರ್ತಿಯನ್ನು ಪಿನೆಲ್ ಎಂಬ ಪ್ರಖ್ಯಾತ ವೈದ್ಯನಿಗೆ ಒಪ್ಪಿಸಿದ್ದಾರೆ. ಪದವಿಯಿಲ್ಲದವನ ಕೆಲಸಕ್ಕೆ ಪದವಿಯುಳ್ಳವನ ಹೆಸರು ಬೀಳುವುದು ಯಾವ ದೇಶದಲ್ಲಿಯೂ ಅಪರೂಪವಲ್ಲ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕೆಂದು ಬಂದು, ವ್ಯವಹಾರ ಕೆಟ್ಟು, ಹೋಟೆಲಿನ ಪಡಸಾಲೆಯಲ್ಲಿ ಮದ್ಯಶಾಲೆಯ ಕಲರವವನ್ನು ಕೇಳುತ್ತ ನಿಂತ ಒಬ್ಬ ಷೇರು ವ್ಯಾಪಾರಿಯು ಒಳಗೆ ಹೋಗುವ ಬದಲು ಟೆಲಿಫೋನಿನ ಕಡೆಗೆ ತಿರುಗಿ, ತನ್ನಂತೆಯೇ ಕುಡಿತದಿಂದ ಕೆಟ್ಟ ಮತ್ತೊಬ್ಬನು ಈ ಊರಿನಲ್ಲಿ ಇದ್ದಾನೆಯೇ, ಅವನೊಡನೆ ಮಾತನಾಡಬೇಕು ಎಂದು ವಿಚಾರಿಸಿದನು. ದೊರೆತವನು ಒಬ್ಬ ಶಸ್ತ್ರಚಿಕಿತ್ಸಕ. ಆ ಇಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿತು. 1957ರಲ್ಲಿ ಅದು ಭಾರತಕ್ಕೂ ಬಂತು. ಇಲ್ಲಿ ಗಮನಿಸಬೇಕಾದುದೇನೆಂದರೆ ಆ ವ್ಯಾಪಾರಿ ಅಂದು ಇನ್ನೊಬ್ಬನನ್ನು ಉದ್ಧರಿಸಲು ಹೊರಟವನಲ್ಲ, ಆ ಸಂಜೆ ತಾನು ಕುಡಿಯದೆ ಉಳಿಯಬೇಕಾಗಿತ್ತು. ಅದಕ್ಕೆ ಇನ್ನೊಬ್ಬನ ಅಗತ್ಯವಿತ್ತು. ಸಹಾಯ ಮಾಡುವವನೇ ಸಹಾಯದ ಮೊದಲ ಫಲಾನುಭವಿ ಎಂಬ ಈ ವಿಚಿತ್ರ ನ್ಯಾಯವನ್ನು ಅರಿಯದೆ ಸಮಾನದುಃಖಿಯ ಕಾಯಕವನ್ನು ಪರೋಪಕಾರವೆಂದು ಮಾತ್ರ ಹೊಗಳುವವರು ಅದರ ಅರ್ಧವನ್ನಷ್ಟೇ ಕಂಡವರು.

ಇನ್ನು ನಮ್ಮ ಸೀಮೆಯ ಮಾತು. ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬಳ್ಳಾರಿಗೆ ಇರುವ ಸ್ಥಾನ ಬಳ್ಳಾರಿಯವರಿಗೇ ಹೆಚ್ಚಾಗಿ ತಿಳಿಯದು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಘೋಷಿತವಾದ ಮೇಲೆ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆರಿಸಿಕೊಂಡುದು, ಸುಮಾರು ಇಪ್ಪತ್ತು ಲಕ್ಷ ಜನಸಂಖ್ಯೆಯಿದ್ದ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಇಲ್ಲಿ ನಡೆದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಕೆಲವೇ ಕೆಲವು ಅಗತ್ಯ ಔಷಧಿಗಳನ್ನು ಹಳ್ಳಿಗೆ ಸಮೀಪದಲ್ಲಿಯೇ ದೊರಕಿಸಿ, ಚಿತ್ತವಿಕಲತೆಯವರನ್ನೂ ಮೂರ್ಛೆರೋಗಿಗಳನ್ನೂ ಹುಚ್ಚಾಸ್ಪತ್ರೆಯ ಗೋಡೆಯೊಳಗಿಂದ ಅವರವರ ಊರಿನ ಕಟ್ಟೆಯ ಮೇಲಕ್ಕೆ ತರಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಪದ್ಧತಿಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ವೈದ್ಯನಿಗೊಂದು ಸ್ಥಾನವಿತ್ತು, ಕಾರ್ಯಕರ್ತನಿಗೊಂದು ಸ್ಥಾನವಿತ್ತು. ಗುಣವಾದ ರೋಗಿಗೆ ಮಾತ್ರ, ತಿಂಗಳಿಗೊಮ್ಮೆ ಬಂದು ಗುಳಿಗೆ ತೆಗೆದುಕೊಂಡು ಹೋಗುವುದರ ಹೊರತು, ಬೇರೆ ಯಾವ ಪಾತ್ರವೂ ಇರಲಿಲ್ಲ. ಆ ಪಾತ್ರವನ್ನು ಕಲ್ಪಿಸಿಕೊಟ್ಟುದು ವೈದ್ಯಶಾಸ್ತ್ರವಲ್ಲ, ಮಠ ಮತ್ತು ಕ್ಷೇತ್ರಗಳು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು, ಕಾಳುಕಡ್ಡಿಯನ್ನಾಗಲಿ ಹಣವನ್ನಾಗಲಿ ಬೇಡದೆ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದು ಬೇಡುತ್ತ ಹೊರಟರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ನಡೆಸುವ ಮದ್ಯವರ್ಜನ ಶಿಬಿರಗಳು ಕರಾವಳಿಯಲ್ಲಿ ಹುಟ್ಟಿ, ಘಟ್ಟ ಹತ್ತಿ, ತುಂಗಭದ್ರೆಯ ಈ ಬಯಲಿಗೂ ಬಂದಿವೆ.

ಎಂಟು ದಿನಗಳ ಆ ಶಿಬಿರವನ್ನು ಹತ್ತಿರದಿಂದ ನೋಡಬೇಕು. ಊರಿನ ಕಲ್ಯಾಣಮಂಟಪವೋ ಸಮುದಾಯ ಭವನವೋ ಶಿಬಿರದ ಸ್ಥಳ. ಖರ್ಚಿಗೆ, ಅಡಿಗೆಗೆ ಊರಿನವರದೇ ಸಮಿತಿ. ಮೊದಲ ದಿನ ಬರುವವರಲ್ಲಿ ಕೆಲವರು ಕೊನೆಯ ಗುಟುಕನ್ನು ಬಾಗಿಲ ಹೊರಗೆ ಮುಗಿಸಿಯೇ ಬಂದಿರುತ್ತಾರೆ. ಎರಡನೆಯ ದಿನ ಚಹದ ಲೋಟ ಒಂದು ಕೈಯಲ್ಲಿ ನಿಲ್ಲುವುದಿಲ್ಲ. ಎರಡು ಕೈಯಿಂದ ಹಿಡಿದರೂ ಅಂಚು ಹಲ್ಲಿಗೆ ಬಡಿದು ಸದ್ದಾಗುತ್ತದೆ, ಅಂಗಿಯ ಮೇಲೆ ಚಹ ಚೆಲ್ಲುತ್ತದೆ, ಆತ ನಾಚಿಕೆಯಿಂದ ಗೋಡೆಯ ಕಡೆಗೆ ತಿರುಗುತ್ತಾನೆ. ಆಗ ಬಳಿಗೆ ಬರುವವನು, ಹಿಂದಿನ ಯಾವುದೋ ಶಿಬಿರದಲ್ಲಿ ಇದೇ ಗೋಡೆಯ ಕಡೆಗೆ ತಿರುಗಿ ಕುಳಿತಿದ್ದವನು, ಉಪದೇಶ ಮಾಡುವುದಿಲ್ಲ. ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಚಹ ಹಾಕಬೇಡಿರೆಂದು ಬಡಿಸುವವರಿಗೆ ಹೇಳುತ್ತಾನೆ. ಯಾವ ಗ್ರಂಥದಲ್ಲಿ ಈ ಅರ್ಧ ಲೋಟದ ವಿಚಾರ ಬರೆದಿದೆಯೋ ನಾನರಿಯೆ. ಅನುಭವಿಗೆ ಅದು ತಿಳಿದಿದೆ. ಯೋಗ, ಭಜನೆ, ಗುಂಪು ಸಮಾಲೋಚನೆ, ಕುಟುಂಬದವರು ಬಂದು ಮಾತನಾಡುವ ದಿನ, ಇವೆಲ್ಲ ಆದ ಬಳಿಕ ಶಿಬಿರ ಮುಗಿದು, ಹೊರಬಂದವರು 'ನವಜೀವನ ಸಮಿತಿ' ಎಂಬ ಹೆಸರಿನಲ್ಲಿ ತಮ್ಮ ತಮ್ಮಲ್ಲಿಯೇ ಕೂಡುತ್ತಾರೆ. ನೂರು ದಿನ ಕುಡಿಯದೆ ಕಳೆದಾಗ ಶತದಿನೋತ್ಸವವೂ ನಡೆಯುತ್ತದೆ.

ಆದರೆ ಸಮಾನದುಃಖಿಯ ನಿಜವಾದ ಕೆಲಸ ಆರಂಭವಾಗುವುದು ಒಂಬತ್ತನೆಯ ದಿನ. ಶಿಬಿರದಲ್ಲಿ ಅಂಗಡಿಯಿಲ್ಲ, ಸಾಲಗಾರರಿಲ್ಲ, ಜೊತೆಗಾರರಿಲ್ಲ. ಊರಿನಲ್ಲಿ ಮೂವರೂ ಕಾದಿರುತ್ತಾರೆ. ಸಂಬಳದ ದಿನ ಅವನೊಡನೆ ಬ್ಯಾಂಕಿಗೆ ಹೋಗುವುದು, ಹಿಂತಿರುಗುವಾಗ ವೈನ್‌ಶಾಪಿನ ಬೀದಿಯನ್ನು ಬಿಟ್ಟು ಸುತ್ತು ದಾರಿ ಹಿಡಿಯುವುದು, ಹಣವನ್ನು ಮನೆಯಾಕೆಯ ಕೈಗೆ ತಲುಪಿಸುವವರೆಗೆ ಹವಾಮಾನದ ಮಾತನ್ನೋ ಎತ್ತಿನ ಬೆಲೆಯ ಮಾತನ್ನೋ ಆಡುತ್ತಿರುವುದು: ನೋಡುವವರಿಗೆ ಇದು ಕೆಲಸವೆಂದೇ ತೋರದು. "ಇವತ್ತೊಂದಿನ ತಡಿಯಣ್ಣ, ನಾಳಿಂದು ನಾಳಿಗೆ ನೋಡಾಣ" ಎಂಬ ಮಾತನ್ನು ವೈದ್ಯರೂ ಹೇಳಬಲ್ಲರು. ಆದರೆ ಹೇಳಿದವನು ಆ 'ಇವತ್ತೊಂದಿನ'ವನ್ನು ಸ್ವತಃ ನೂರಾರು ಬಾರಿ ತಡೆದವನೆಂಬುದು ಕೇಳುವವನಿಗೆ ಗೊತ್ತಿರುವುದರಿಂದ ಆ ಮಾತಿಗೊಂದು ಬೇರೆಯೇ ತೂಕ ಬರುತ್ತದೆ. ಮತ್ತೆ ಕುಡಿದು ಬಿದ್ದನೆಂದು ತಿಳಿ. ಹೆಂಡತಿ ಅಳುತ್ತಾಳೆ, ಅಣ್ಣತಮ್ಮಂದಿರು ಛೀಮಾರಿ ಹಾಕುತ್ತಾರೆ, ಶಿಬಿರಕ್ಕೆ ದುಡ್ಡು ಕೊಟ್ಟ ಹಿರಿಯರು ಆಣೆ ಮುರಿದನೆಂದು ಮುಖ ತಿರುಗಿಸುತ್ತಾರೆ. ಸಮಾನದುಃಖಿ ಮಾತ್ರ, ತಾನೂ ಹಾಗೆ ಬಿದ್ದವನಾದುದರಿಂದ, ಯಾವ ಹೊತ್ತಿಗೆ, ಯಾರ ಜೊತೆ, ಏನಾಗಿತ್ತು ಎಂದು ವಿಚಾರಿಸಿಕೊಂಡು ಮರುದಿನಕ್ಕೆ ದಾರಿ ಹುಡುಕುತ್ತಾನೆ. ಪ್ರತಿಜ್ಞೆಗೆ ಶಕ್ತಿಯಿದೆ, ಅಲ್ಲಗಳೆಯುವಂತಿಲ್ಲ. ಆದರೆ ವ್ಯಸನವು ನೀತಿಭ್ರಷ್ಟತೆ ಮಾತ್ರವಲ್ಲ, ಮಿದುಳಿನ ವ್ಯಾಧಿಯೂ ಹೌದೆಂಬುದನ್ನು ಮರೆತ ಪ್ರತಿಜ್ಞೆಯು ಮುರಿದಾಗ ಮನುಷ್ಯನನ್ನೂ ಜೊತೆಗೇ ಮುರಿಯುತ್ತದೆ.

ಅನುಭವಕ್ಕೂ ಮಿತಿಯುಂಟು. ಹಲವು ವರ್ಷ ನಿತ್ಯವೂ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾಚೆ ಇಲ್ಲದ ಹುಳುಹಪ್ಪಟೆ ಕಾಣುವ, ಊರು ಹೊತ್ತು ತಿಳಿಯದ ಸನ್ನಿ ಹಿಡಿಯಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವ ಹೊತ್ತಲ್ಲ ಅದು. ದೇಹದಲ್ಲಿ ಬಿ1 ಜೀವಸತ್ವ ಬತ್ತಿ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಸಿಯುವುದೂ ಉಂಟು. ಪಳಗಿದ ಸಮಾನದುಃಖಿಯು ಇದನ್ನರಿತು ಮೊದಲು ಆಸ್ಪತ್ರೆಯ ದಾರಿ ತೋರಿಸುತ್ತಾನೆ. ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿರಿ ಎಂದು ಗೋಡೆಗಳ ಮೇಲೆ ಜಾಹೀರಾತು ಬರೆಸುವ ಪುಡಿಗಳನ್ನು ಅವನು ಮನೆಯವರ ಕೈಯಿಂದ ಕಿತ್ತು ಹಾಕಿಸುತ್ತಾನೆ. ಅಂಥ ಪುಡಿಯಲ್ಲಿ ಇರಬಹುದಾದ ಡೈಸಲ್ಫಿರಾಮ್‌ನಂಥ ಔಷಧಿ ಸೇವಿಸಿದವನು ತಿಳಿಯದೆ ಕುಡಿದರೆ ಎದೆ ಬಡಿತ, ವಾಂತಿ, ರಕ್ತದೊತ್ತಡದ ಕುಸಿತ ಬಂದು ಸಾವೂ ಸಂಭವಿಸಬಹುದು. ಬಳ್ಳಾರಿ ಮಾದರಿಯ ಔಷಧಿಯೂ ನವಜೀವನದ ಒಡನಾಟವೂ ಇಷ್ಟು ವರ್ಷ ಒಂದೇ ಜಿಲ್ಲೆಯಲ್ಲಿದ್ದುಕೊಂಡು ಒಂದರ ಮುಖ ಒಂದು ನೋಡದೆ ಹೋದುವೆಂಬುದು ನನ್ನ ಆಕ್ಷೇಪ. ಎರಡನ್ನೂ ಕೂಡಿಸಬಲ್ಲವನು, ಎರಡರ ಋಣವನ್ನೂ ಹೊತ್ತಿರುವ ಈತನೇ.

ಕುಡಿತದ ವಿಷಯದಲ್ಲಿ ಇಷ್ಟಾದರೂ ಏರ್ಪಾಡಿದೆ. ಚಿತ್ತವಿಕಲತೆಯಿಂದಲೋ ಖಿನ್ನತೆಯಿಂದಲೋ ಚೇತರಿಸಿಕೊಂಡವರು ಎದ್ದುನಿಂತು ಹಾಗೆಂದು ಹೇಳಿಕೊಳ್ಳುವುದು ಇಂದಿಗೂ ದುಸ್ಸಾಧ್ಯ. ಕುಡಿತ ಬಿಟ್ಟವನಿಗೆ ಊರು ಹಾರ ಹಾಕುತ್ತದೆ, ತಲೆ ಕೆಟ್ಟು ಸರಿಹೋದವನಿಗೆ ಹೆಣ್ಣು ಕೊಡುವುದಿಲ್ಲ. ಆದಾಗ್ಯೂ ಕಾನೂನು ಸಮಾಜಕ್ಕಿಂತ ಒಂದು ಹೆಜ್ಜೆ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮಾನಸಿಕ ಅಸ್ವಸ್ಥತೆಯನ್ನು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರಕ್ಕೂ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಆದರೆ ಸಂಡೂರಿನ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು, ನನಗೆ ಇಂಥ ಕಾಯಿಲೆಯಿದೆ ಎಂದು ಹಿಂದೆ ನಿಂತವರಿಗೆಲ್ಲ ಕೇಳುವಂತೆ ಹೇಳುವ ಧೈರ್ಯ ಎಷ್ಟು ಮಂದಿಗಿದ್ದೀತು? ಆ ಸಾಲಿನಲ್ಲಿ ಜೊತೆಗೆ ನಿಂತು, ಅರ್ಜಿಯನ್ನು ತುಂಬಿಕೊಟ್ಟು, "ಅಕ್ಕಾ, ಇದು ನಿಮ್ಮ ಹಕ್ಕು, ಯಾರ ಉಪಕಾರಾನೂ ಅಲ್ಲ" ಎನ್ನುವುದೂ ಇದೇ ಕಾಯಕ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಜಿಲ್ಲೆಗಳಿಗೆಂದು ವಿಧಿಸಿರುವ ಪುನರ್ವಿಮರ್ಶಾ ಮಂಡಳಿಗಳಲ್ಲಿ ನ್ಯಾಯಾಧೀಶರೊಡನೆ, ವೈದ್ಯರೊಡನೆ, ಎರಡು ಪೀಠಗಳನ್ನು ಮಾನಸಿಕ ಅಸ್ವಸ್ಥರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಥವಾ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಗೆ ಮೀಸಲಿಟ್ಟಿದೆ.

ಈ ಕಾಯಕದವರ ಬಗೆಗೆ ನಾವು ಎಸಗುತ್ತಿರುವ ಅನ್ಯಾಯವನ್ನೂ ಹೇಳಬೇಕು. ವೇದಿಕೆಯ ಮೇಲೆ ನಿಲ್ಲಿಸಿ, ತಾನು ಕುಡಿದು ಹೆಂಡತಿಯ ತಾಳಿ ಮಾರಿದ ಕಥೆಯನ್ನು ಪ್ರತಿ ಸಭೆಯಲ್ಲಿಯೂ ಹೇಳಿಸಿ, ಚಪ್ಪಾಳೆ ತಟ್ಟಿ, ಊಟ ಹಾಕಿ ಕಳುಹಿಸುವುದು ಗೌರವವಲ್ಲ. ಹಳೆಯ ಗಾಯವನ್ನು ಕೆದಕಿ ಕೆದಕಿ ತೋರಿಸುವವನಿಗೆ ಅದು ಮತ್ತೆ ಕೀವಾಗುವ ಭಯವಿರುತ್ತದೆ. ಎಷ್ಟೋ ಮಂದಿ ಇತರರನ್ನು ಕಾಯುತ್ತ ಕಾಯುತ್ತ ತಾವೇ ಜಾರುತ್ತಾರೆ. ಅವರಿಗೂ ವಾರಕ್ಕೊಮ್ಮೆ ಮನಸ್ಸು ಬಿಚ್ಚಿ ಮಾತನಾಡಲು ಇನ್ನೊಬ್ಬರು ಬೇಕು, ಬಸ್ಸಿನ ಚಾರ್ಜಾದರೂ ಬೇಕು, ಆಸ್ಪತ್ರೆಯಲ್ಲಿ ಕೂರಲೊಂದು ಕುರ್ಚಿ ಬೇಕು. ಸ್ತ್ರೀಯರ ಮಾತಂತೂ ಇನ್ನೂ ಹಿಂದೆ ಬಿದ್ದಿದೆ: ಗಂಡನ ಕುಡಿತದಿಂದ ತಾನೇ ಖಿನ್ನತೆಗೆ ಬಿದ್ದು ಎದ್ದವಳು ನೆರೆಮನೆಯವಳಿಗೆ ನೀಡುವ ಸಾಂತ್ವನವನ್ನು ಯಾವ ಸಂಸ್ಥೆಯೂ ತನ್ನ ವರದಿಯಲ್ಲಿ ಎಣಿಸಿದಂತಿಲ್ಲ.

ರಾಜ್ಯದ 'ಮನೋಚೈತನ್ಯ' ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿಯಾದ ಮಂಗಳವಾರ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು; ರಾತ್ರಿ ಪಾಳಿಯವರಿಗೆ ಇದು ವಿಶೇಷವಾಗಿ ಅನುಕೂಲ. ಆಸ್ಪತ್ರೆಗೆ ಮೊದಲ ಸಲ ಹೋಗುವವರು ಕುಡಿಯುವ ಪ್ರಮಾಣವನ್ನು ಮರೆಮಾಚದೆ ಹೇಳಬೇಕು, ತಾವಾಗಿಯೇ ಥಟ್ಟನೆ ನಿಲ್ಲಿಸಿಕೊಂಡು ಹೋಗಬಾರದು. ಮತ್ತು ಊರಿನಲ್ಲಿ ನವಜೀವನ ಸಮಿತಿಯವರು ಯಾರಾದರೂ ಇದ್ದರೆ, ಹಿಂದಿನ ದಿನವೇ ಹೇಳಿಟ್ಟು, ಅವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.